ಹರಕೆ ಬೇರೆ, ಕರೆ ಬೇರೆ

ಸವದತ್ತಿ ಗುಡ್ಡದ ಸುತ್ತಿನ ಊರುಗಳಲ್ಲಿ ಹುಡುಗಿಯ ತಲೆಗೂದಲು ಜಡೆಗಟ್ಟಿದರೆ ಎಲ್ಲಮ್ಮ ಕರೆದಳು ಎನ್ನುತ್ತಿದ್ದರು. ಹಿರಿಯರು ಹರಕೆ ಹೊತ್ತು ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಡುತ್ತಿದ್ದರು. ಹುಡುಗಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದಿತು. ಈ ಸೀಮೆಯ ಕ್ರೈಸ್ತರಾದ ನಾವು ಅದನ್ನು ಮಂದಿ ಮನೆಯ ಕಥೆ ಎಂದುಕೊಂಡಿದ್ದೇವೆ. ಆದರೆ ನಮ್ಮ ಮನೆಗಳಲ್ಲೂ ಒಂದು ಮಾತಿದೆ: “ಇಂವಾ ಹೊಟ್ಟ್ಯಾಗಿದ್ದಾಗನ ದೇವರ ಸೇವಾಕ್ಕ ಕೊಟ್ಟೇವ್ರಿ.” ಆ ಮಾತಿನೊಳಗಿನ ಭಕ್ತಿ ನಿಜವಾದದ್ದು. ಮುತ್ತು ಕಟ್ಟುವ ಕ್ರೌರ್ಯಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಮಗುವನ್ನು ಕೇಳದೆ ಕರೆಯನ್ನು ತೀರ್ಮಾನಿಸುವ ರೂಢಿ ಎರಡೂ ಕಡೆ ಒಂದೇ.

ಹೀಗೆ ಮಗುವನ್ನು ಕೊಟ್ಟವರು ಬೈಬಲಿನ ಸಮುವೇಲನ ಹೆಸರು ಹೇಳುತ್ತಾರೆ. ಆ ಕಥೆಯನ್ನೇ ಪೂರ್ತಿ ಓದಬೇಕು. ಹನ್ನ ಹರಕೆ ಹೊತ್ತು ಮಗನನ್ನು ಶಿಲೋವಿನ ಆಲಯಕ್ಕೆ ಒಪ್ಪಿಸಿದಳು. ಅಷ್ಟಾದರೂ ಹುಡುಗನಿಗೆ ದೇವರ ದನಿಯ ಗುರುತಿರಲಿಲ್ಲ. ರಾತ್ರಿ ಹೆಸರು ಹಿಡಿದು ಕರೆದಾಗ ಮೂರು ಸಲವೂ ಎದ್ದು ಮುದುಕ ಯಾಜಕ ಏಲಿಯ ಹತ್ತಿರ ಓಡಿದ. ಕಣ್ಣು ಮಬ್ಬಾಗಿದ್ದ ಏಲಿಗೆ ಮೂರನೆಯ ಸಲ ಹೊಳೆಯಿತು. ಆತ ಹುಡುಗನ ಪರವಾಗಿ ಉತ್ತರ ಕೊಡಲಿಲ್ಲ. ನೀನೇ ಹೋಗಿ ಉತ್ತರ ಕೊಡು ಎಂದು ಕಳಿಸಿದ. ಬಂದ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಅದನ್ನೂ ಮುಚ್ಚಿಡದೆ ಹೇಳೆಂದು ಏಲಿ ಕೇಳಿ, ಒಪ್ಪಿಕೊಂಡ. ತಾಯಿಯ ಹರಕೆ ಬಾಗಿಲವರೆಗೆ ತಂದಿತ್ತು, ಒಳಗಿನ ಕರೆ ಬೇರೆಯೇ ಆಗಿತ್ತು.

ಅಂಥ ಒಳಗಿನ ಕರೆಯನ್ನು ಪರೀಕ್ಷಿಸುವ ಒಂದು ಕ್ರಮ ನಮ್ಮ ಸೀಮೆಗೂ ಬಂದಿತ್ತು. ಬೆಳಗಾವಿಗೆ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. 20ನೇ ಶತಮಾನದ ಆರಂಭದಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ಅವರ ಪರಂಪರೆಯಲ್ಲಿ ನಾನು ಬಹಳ ಗೌರವಿಸುವ ಒಂದು ಸಂಗತಿಯಿದೆ. ಬೋಧಿಸಲು ಕರೆ ಬಂದಿದೆ ಎನ್ನುವವರನ್ನು ಹೇಗೆ ಪರೀಕ್ಷಿಸಬೇಕೆಂದು ಜಾನ್ ವೆಸ್ಲಿ 1746ರಲ್ಲೇ ಗೊತ್ತುಮಾಡಿದ್ದ: ಇವರಿಗೆ ದೇವರ ಅನುಭವವಿದೆಯೇ, ಕೆಲಸಕ್ಕೆ ಬೇಕಾದ ವರಗಳಿವೆಯೇ, ಫಲ ಕಾಣುತ್ತಿದೆಯೇ? ಒಳಗಿನ ದನಿಯನ್ನು ಅಲ್ಲಗಳೆಯದೆ, ಅದೊಂದನ್ನೇ ನಂಬದೆ, ಸಭೆಯ ಮುಂದಿಟ್ಟು ತೂಗುವ ಕ್ರಮವಿದು.

ನಮ್ಮಲ್ಲಿ ಈ ಕ್ರಮ ಸೊರಗಿತು. ಹೊಲವಿಲ್ಲದ ಕೇರಿಯ ಮನೆಗಳಿಗೆ ಮಿಶನ್ನಿನ ಬೋಧಕನ ಕೆಲಸ ಅಕ್ಷರ, ಸಂಬಳ, ಮರ್ಯಾದೆ ಮೂರನ್ನೂ ತಂದಿತು. ಆಸೆಪಟ್ಟವರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಆದರೆ ಬರಬರುತ್ತ ಕರೆ ಎಂದರೆ ಪಾಸ್ಟರ್ ಹುದ್ದೆ ಎಂದಾಯಿತು, ಫಲ ಎಂದರೆ ವರದಿಯಲ್ಲಿ ಬರೆಯುವ ದೀಕ್ಷಾಸ್ನಾನದ ಲೆಕ್ಕವಾಯಿತು. ವಾರ್ಷಿಕ ಸಮ್ಮೇಳನದ ಕೊನೆಯಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುವ ಗಳಿಗೆಯನ್ನು ನೋಡಬೇಕು. ಬೈಲಹೊಂಗಲವೋ ರಾಮದುರ್ಗವೋ ಎಂದು ಕಿವಿಗೊಟ್ಟು ಕೂತ ಪಾಸ್ಟರಮ್ಮನ ಕೈ ಮಗುವಿನ ಹೆಗಲ ಮೇಲಿರುತ್ತದೆ, ಮನಸ್ಸಿನಲ್ಲಿ ಆ ಮಗುವಿನ ಶಾಲೆ ಇರುತ್ತದೆ. ಅವಳ ಬಾಳೂ ಆ ಪಟ್ಟಿಯಲ್ಲಿದೆ. ಅವಳ ಕರೆ ಏನೆಂದು ಯಾರು ಕೇಳಿದ್ದಾರೆ?

ರಾಮದುರ್ಗದ ಮಗ್ಗದ ಮುಂದೆ ಕೂತ ವಿಶ್ವಾಸಿಯನ್ನೂ ಕೇಳಿಲ್ಲ. ದುಡಿಮೆಯೇ ದೈವದ ದಾರಿ ಎಂದು 12ನೇ ಶತಮಾನದ ಶರಣರು ಕಾಯಕವನ್ನು ಎತ್ತಿಹಿಡಿದ ನಾಡಿದು. ಚಮ್ಮಾರನ ಕೆಲಸವೂ ದೇವರ ಕರೆಯೇ ಎಂದು ಲೂಥರ್ 16ನೇ ಶತಮಾನದಲ್ಲಿ ಕಲಿಸಿದ. ಎರಡರ ವಾರಸುದಾರಿಕೆಯೂ ನಮ್ಮದೇ. ಹಾಗಿದ್ದೂ ಊರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಮ್ಮನಿಗೆ “ನೀ ಸೇವಾಕ್ಕ ಯಾವಾಗ ಬರ್ತಿ?” ಎಂದು ಕೇಳುತ್ತೇವೆ. ನಮ್ಮ ಪರಂಪರೆಯ ದೊಡ್ಡ ಸೋಲು ಇದೇ ಎಂಬುದು ನನ್ನ ತೀರ್ಮಾನ.

ನಿಮ್ಮ ಸಭೆಯಲ್ಲಿ ಹುಡುಗನೋ ಹುಡುಗಿಯೋ ಕರೆಯ ಮಾತೆತ್ತಿದರೆ ಹಿರಿಯರು ಒಂದು ಉಪಕಾರ ಮಾಡಿರಿ. ತಂದೆ-ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಆ ಮಗುವೊಂದನ್ನೇ ಕೇಳಿರಿ. ಇಲ್ಲ ಎಂದರೆ ಅದಕ್ಕೂ ಪ್ರಾರ್ಥನೆ ಮಾಡಿ ಮನೆಗೆ ಕಳಿಸಿರಿ.