ವೇರೂಳಿನಲ್ಲಿ ಮಂಗಳವಾರ ರಜೆ

ವೇರೂಳಿಗೆ ಹೋಗಿಬಂದ ಕನ್ನಡಿಗರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಕೈಲಾಸ ದೇವಾಲಯ ನಮ್ಮ ರಾಷ್ಟ್ರಕೂಟ ಕೃಷ್ಣ ಕೆತ್ತಿಸಿದ್ದು ಎಂಬುದು ಒಂದು. ಕವಿರಾಜಮಾರ್ಗ ಹೇಳುವ ಕಾವೇರಿ-ಗೋದಾವರಿಗಳ ನಡುವಿನ ನಾಡಿನ ಗಡಿ ಇಲ್ಲೇ ಹತ್ತಿರದಲ್ಲಿತ್ತು ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಮಹಾರಾಷ್ಟ್ರ ಸರ್ಕಾರ ವೇರೂಳನ್ನು ‘ಪುಸ್ತಕಾಂಚೆ ಗಾವ್’, ಅಂದರೆ ಪುಸ್ತಕಗಳ ಊರು ಮಾಡಲು ಆರಿಸಿಕೊಂಡಿದೆ ಎಂದು ಅವರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಯೋಜನೆ ಮೊದಲಾದದ್ದು 2017ರ ಮೇ ತಿಂಗಳಲ್ಲಿ, ಪಂಚಗಣಿ ಹತ್ತಿರದ ಭಿಲಾರ್‌ನಲ್ಲಿ. ವೇಲ್ಸ್‌ನ ಹೇ-ಆನ್-ವೈ ಅದಕ್ಕೆ ಮಾದರಿ. ಮನೆ, ಗುಡಿ, ಶಾಲೆ ಎಂದು 25 ಜಾಗಗಳಲ್ಲಿ ಸುಮಾರು 15,000 ಮರಾಠಿ ಪುಸ್ತಕಗಳನ್ನು ಇಟ್ಟರು. ಒಂದು ಮನೆಯಲ್ಲಿ ಕಾದಂಬರಿ, ಇನ್ನೊಂದರಲ್ಲಿ ಕವಿತೆ, ಮತ್ತೊಂದರಲ್ಲಿ ಚರಿತ್ರೆ. ಯಾರು ಬೇಕಾದರೂ ಬಂದು ದುಡ್ಡು ಕೊಡದೆ ಓದಬಹುದು. ಆಮೇಲೆ ಯೋಜನೆಯನ್ನು ಹಿಗ್ಗಿಸುವಾಗ ವೇರೂಳ್, ನವೇಗಾವ್ ಬಾಂಧ್, ಪೋಂಭುರ್ಲೆ, ಅಂಕಲಖೋಪ್ ಪಟ್ಟಿಗೆ ಬಂದವು.

ಕಲ್ಪನೆ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್ ನಡೆಸುವುದೇ ಕಸುಬಾಗಿರುವುದರಿಂದ ಯಾವ ಯೋಜನೆ ಕಂಡರೂ ನನ್ನ ಮೊದಲ ಪ್ರಶ್ನೆ ಒಂದೇ: ಇದು ಯಾರಿಗೆ? ಭಿಲಾರ್ ಮಾದರಿಯ ಉತ್ತರ ಸ್ಪಷ್ಟ: ಪ್ರವಾಸಿಗೆ. ಪ್ರವಾಸಿ ಒಂದು ಸಲ ಬರುತ್ತಾನೆ, ಫೋಟೊ ತೆಗೆದು ಹೋಗುತ್ತಾನೆ. ಊರಿನಲ್ಲೇ ಇರುವ ಹದಿನೆಂಟು-ಇಪ್ಪತ್ತರ ಹುಡುಗ ಹುಡುಗಿಯರ ಲೆಕ್ಕವೇ ಬೇರೆ. ಅವರು ದಿನಾ ಬರುತ್ತಾರೆ, ಇಲ್ಲವೇ ಎಂದೂ ಬರುವುದಿಲ್ಲ.

ವೇರೂಳಿನ ಬಹಳ ಮಂದಿಯ ದುಡಿಮೆ 34 ಗುಹೆಗಳನ್ನೂ ಘೃಷ್ಣೇಶ್ವರವನ್ನೂ ನಂಬಿಕೊಂಡಿದೆ: ಗೈಡು, ಹೋಟೆಲ್, ರಿಕ್ಷಾ, ಸಣ್ಣ ಅಂಗಡಿ. ಪ್ರವಾಸಿಗೆ ರಜೆ ಇದ್ದ ದಿನ ಇವರಿಗೆ ಉಸಿರಾಡಲೂ ಬಿಡುವಿಲ್ಲ. ಗುಹೆಗಳಿಗೆ ವಾರದ ರಜೆ ಮಂಗಳವಾರ. ಹಾಗಾದರೆ ಈ ಊರಿನ ಯುವಕರಿಗಾಗಿ ಕಾರ್ಯಕ್ರಮ ಯೋಜಿಸುವವರು ಬೇರೆ ಏನನ್ನೂ ಯೋಚಿಸುವ ಮೊದಲು ಮಂಗಳವಾರ ಸಂಜೆಯನ್ನು ಕಾದಿರಿಸಬೇಕು. ಬಜೆಟ್ ಬೇಕಿಲ್ಲ, ಊರನ್ನು ಒಂದು ಸುತ್ತು ನೋಡಿದರೆ ಸಾಕು.

ನಮ್ಮ ಗ್ರಂಥಾಲಯ ಕಾರ್ಯಕ್ರಮಗಳು ನೋಡುವುದು ಊರನ್ನಲ್ಲ, ಕ್ಯಾಲೆಂಡರನ್ನು. ಮಹಾರಾಷ್ಟ್ರದಲ್ಲಿ ಫೆಬ್ರವರಿ 27, ಕುಸುಮಾಗ್ರಜರ ಹುಟ್ಟುಹಬ್ಬ, ಮರಾಠಿ ಭಾಷೆಯ ದಿನ. ಅಕ್ಟೋಬರ್ 15, ಕಲಾಂ ಹುಟ್ಟುಹಬ್ಬ, ಓದಿನ ಪ್ರೇರಣೆಯ ದಿನ. ನಮ್ಮಲ್ಲಿ ರಾಜ್ಯೋತ್ಸವ. ಇಬ್ಬರಿಗೂ ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ವೇದಿಕೆ, ಹಾರ, ಶಾಲು, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಕಾಲೇಜಿನ ಮಕ್ಕಳು ಹಿಂದಿನ ಸಾಲುಗಳನ್ನು ತುಂಬಲು ಬೇಕು, ಅಷ್ಟೆ. ಮರುದಿನ ವರದಿಯಲ್ಲಿ ‘ಯುವಜನರ ಉತ್ಸಾಹದ ಪಾಲ್ಗೊಳ್ಳುವಿಕೆ’. ಅವರಲ್ಲಿ ಎರಡನೇ ಸಲ ಬಂದವರೆಷ್ಟು ಎಂದು ಬರೆಯಲು ಆ ವರದಿಯಲ್ಲಿ ಜಾಗವೇ ಇರುವುದಿಲ್ಲ. ನನ್ನ ಮಟ್ಟಿಗೆ ಅಳೆಯಬೇಕಾದ ಸಂಖ್ಯೆ ಅದೊಂದೇ.

ಯುವಕರು ಗ್ರಂಥಾಲಯಕ್ಕೆ ಬರುವುದಿಲ್ಲ ಎನ್ನುವುದೂ ಸುಳ್ಳು. ಸಂಭಾಜಿನಗರವಿರಲಿ, ಧಾರವಾಡವಿರಲಿ, ಓದುವ ಕೋಣೆಗೆ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ನೀರಿನ ಬಾಟಲಿ ಇಟ್ಟುಕೊಂಡು ಅವರೇ ಕೂತಿರುತ್ತಾರೆ. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಮೌನ. ಪಿಜಿ ಕೋಣೆಯಲ್ಲಿ ಇನ್ನಿಬ್ಬರ ಜೊತೆ ಇರುವವರಿಗೆ ಏನನ್ನೂ ಕೊಳ್ಳದೆ ಗಂಟೆಗಟ್ಟಲೆ ಕೂರಲು ನಗರದಲ್ಲಿ ಬೇರೆ ಜಾಗ ಎಲ್ಲಿದೆ? ಇವರನ್ನು ‘ನಿಜವಾದ ಓದುಗರಲ್ಲ’ ಎಂದು ಮೂಗು ಮುರಿಯುವ ಸಾಹಿತಿಗಳು ನನಗೆ ಅರ್ಥವಾಗುವುದಿಲ್ಲ. ಅವರು ಕೂತ ಜಾಗದಿಂದ ಕಪಾಟು ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆ ಹಾಕಿಸುವುದೇ ಕಾರ್ಯಕ್ರಮ. ಎಸ್. ಆರ್. ರಂಗನಾಥನ್ 1931ರಲ್ಲೇ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಸೂತ್ರ ಕೊಟ್ಟಿದ್ದರು. ನಾವು ಇಬ್ಬರನ್ನೂ ಒಂದೇ ಕಟ್ಟಡದೊಳಗೆ ತಂದು, ಪರಿಚಯ ಮಾಡಿಸದೆ ಬಿಟ್ಟಿದ್ದೇವೆ.

ನಾಸಿಕದಲ್ಲಿ ಇದಕ್ಕೆ ಒಂದು ಉತ್ತರ ಸಿಕ್ಕಿದೆ. ಅಲ್ಲಿನ ಸಾರ್ವಜನಿಕ ವಾಚನಾಲಯ 1840ರದ್ದು. ಆದರೆ ನಾನು ಹೇಳಹೊರಟದ್ದು ಕುಸುಮಾಗ್ರಜ ಪ್ರತಿಷ್ಠಾನದ ‘ಗ್ರಂಥ ತುಮಚ್ಯಾ ದಾರಿ’ ಬಗ್ಗೆ: ಪುಸ್ತಕ ನಿಮ್ಮ ಬಾಗಿಲಿಗೆ. ವಿನಾಯಕ ರಾನಡೆ ಶುರುಮಾಡಿದ ಇದರಲ್ಲಿ ಪುಸ್ತಕ ತುಂಬಿದ ಪೆಟ್ಟಿಗೆ ಓದುಗರ ಒಂದು ಗುಂಪಿಗೆ ಹೋಗುತ್ತದೆ. ಕೆಲವು ತಿಂಗಳ ನಂತರ ಗುಂಪುಗಳು ಪೆಟ್ಟಿಗೆಗಳನ್ನು ಬದಲಾಯಿಸಿಕೊಳ್ಳುತ್ತವೆ. ಪೆಟ್ಟಿಗೆ ದೇಶ ದಾಟಿಯೂ ಹೋಗಿದೆ. ಇದರ ಗುಟ್ಟು ಪೆಟ್ಟಿಗೆಯಲ್ಲಿಲ್ಲ, ಗುಂಪಿನಲ್ಲಿದೆ. ಪುಸ್ತಕಕ್ಕೆ ಓದುಗರೇ ಜವಾಬ್ದಾರರು.

ಕರ್ನಾಟಕಕ್ಕೆ ಹಣದ ಅನುಕೂಲ ಹೆಚ್ಚು. 1965ರ ನಮ್ಮ ಕಾಯ್ದೆಯಲ್ಲಿ ಗ್ರಂಥಾಲಯ ಕರವಿದೆ, ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಇಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ ‘ಓದುವ ಬೆಳಕು’ ಶುರುವಾಯಿತು, ಹಳ್ಳಿಯ ಮಕ್ಕಳು ನಿಜಕ್ಕೂ ಒಳಗೆ ಬಂದರು. ಆದರೆ ಆ ಮಕ್ಕಳಿಗೆ ವಯಸ್ಸಾಗುತ್ತದೆ. ಹದಿನೆಂಟಾದ ಮೇಲೆ ಬಣ್ಣದ ಗೋಡೆ, ಚಿತ್ರದ ಪುಸ್ತಕ ಅವರದಲ್ಲ. ದಿನಪತ್ರಿಕೆಯ ಮೇಜು ಹಿರಿಯರದು. ನಡುವಿನವರ ಕೈಗೆ ಕೀಲಿಕೈ ಕೊಡುವ ಧೈರ್ಯ ಎರಡೂ ರಾಜ್ಯಗಳಲ್ಲಿ ನನಗೆ ಕಂಡಿಲ್ಲ. ಯಾವ ಪುಸ್ತಕ ತರಿಸಬೇಕು, ಯಾರನ್ನು ಕರೆಸಬೇಕು, ಎಷ್ಟು ಹೊತ್ತಿನವರೆಗೆ ದೀಪ ಉರಿಯಬೇಕು ಎಂದು ಅವರೇ ಗೊತ್ತುಮಾಡಲಿ. ಕೆಲವು ತಪ್ಪುತ್ತವೆ. ಅಧ್ಯಕ್ಷರ ಭಾಷಣಕ್ಕಿಂತ ಹೆಚ್ಚೇನೂ ತಪ್ಪಲಾರವು.

ಹೊರನಾಡಿನ ನಾವೂ ಈ ಟೀಕೆಯಿಂದ ಹೊರಗಿಲ್ಲ. ಸಂಘದ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿವೆ. ನಮ್ಮ ಮಕ್ಕಳಿಗೆ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅದಕ್ಕೆ ವರ್ಣಮಾಲೆಯ ತರಗತಿ ಮಾಡುತ್ತೇವೆ, ಇಪ್ಪತ್ತರವರು ಮೂರನೇ ವಾರಕ್ಕೆ ಮಾಯ. ಪುಣೆಯ ಉಮಾ ಕುಲಕರ್ಣಿಯವರು ಭೈರಪ್ಪನವರನ್ನು ಮರಾಠಿ ಮನೆಗಳಿಗೆ ಮುಟ್ಟಿಸಿದ ಬಗೆ ಇಲ್ಲಿ ನೆನಪಾಗುತ್ತದೆ: ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡವನ್ನು ಓದಿ ಹೇಳುವರು, ಉಮಾ ಅವರು ಕೇಳಿ ಮರಾಠಿಯಲ್ಲಿ ಬರೆಯುವರು. ಲಿಪಿ ಅಲ್ಲಿ ಗೋಡೆಯಾಗಲಿಲ್ಲ. ಹಾಗೆಯೇ ಒಬ್ಬರು ಓದಲಿ, ನಾಲ್ವರು ಕೇಳಲಿ, ಮರಾಠಿ ಗೆಳೆಯರೂ ಬರಲಿ. ಕತೆ ಹಿಡಿದರೆ ಅಕ್ಷರ ತಾನಾಗಿ ಹಿಂದೆ ಬರುತ್ತದೆ.

ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕೆತ್ತಿದರು. ಬಂಡೆ ಸುಮ್ಮನಿತ್ತು, ಸಾಧ್ಯವಾಯಿತು. ಇಪ್ಪತ್ತರ ವಯಸ್ಸಿನವರು ಬಂಡೆಯಲ್ಲ. ಮುಂದಿನ ಸಲ ವೇರೂಳಿಗೆ ಹೋಗುವವರು ಒಂದು ದಿನ ಹೆಚ್ಚು ಉಳಿದು ಮಂಗಳವಾರವನ್ನೂ ಸೇರಿಸಿಕೊಳ್ಳಿ. ಗುಹೆ ಮುಚ್ಚಿರುತ್ತದೆ. ಪುಸ್ತಕವಿರುವ ಬಾಗಿಲು ಯಾವುದು ತೆರೆದಿದೆ, ಅಲ್ಲಿ ಆ ಊರಿನ ಹುಡುಗರು ಎಷ್ಟು ಜನ ಕೂತಿದ್ದಾರೆ ನೋಡಿ, ಬಂದು ಬರೆಯಿರಿ.