ರಂಗಶಬ್ದದ ಔಚಿತ್ಯ: ಚೆಕಾಫನ ‘ಚೆರಿ ತೋಟ’ವನ್ನು ಕುರಿತು

ನಾಟಕದ ಮಾತು, ಅಭಿನಯ, ದೃಶ್ಯಸಜ್ಜಿಕೆಗಳನ್ನು ವಿಚಾರಿಸುವಷ್ಟು ಆಸಕ್ತಿಯಿಂದ ನಮ್ಮ ವಿಮರ್ಶೆಯು ರಂಗದ ಶಬ್ದವನ್ನು ವಿಚಾರಿಸಿಲ್ಲ. ಶಬ್ದಯೋಜನೆ ಯಂತ್ರಜ್ಞನ ಕೆಲಸವೇ ಹೊರತು ಕಲಾವಿದನದಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬೇಕು. ಈ ಸಂದೇಹ ನಮ್ಮಲ್ಲಿ ಮಾತ್ರವೇ ಇರುವುದಲ್ಲ. ಅಮೆರಿಕದ ಟೋನಿ ಪ್ರಶಸ್ತಿಗಳಲ್ಲಿ ಶಬ್ದಯೋಜನೆಗೆ 2008ರಲ್ಲಿ ಸ್ಥಾನ ದೊರೆಯಿತು. 2014ರ ತರುವಾಯ ಅದನ್ನು ಕೈಬಿಡಲಾಯಿತು. 2018ರಲ್ಲಿ ಮತ್ತೆ ಸೇರಿಸಲಾಯಿತು. ಇಂಥ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಕೃತಿಯನ್ನು ಹಿಡಿದು ಪರಿಶೀಲಿಸುವುದು ಲೇಸು. 1904ರ ಜನವರಿಯಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಮೊದಲು ಪ್ರಯೋಗಗೊಂಡ ಚೆಕಾಫನ ‘ಚೆರಿ ತೋಟ’ ಇದಕ್ಕೆ ತಕ್ಕ ಕೃತಿ.

ಎರಡನೆಯ ಅಂಕ. ಸಂಜೆಯ ಬಯಲಿನಲ್ಲಿ ಎಲ್ಲರೂ ಮೌನವಾಗಿ ಕುಳಿತಿರುವಾಗ ದೂರದಲ್ಲಿ, ಆಕಾಶದಿಂದಲೋ ಎಂಬಂತೆ, ತಂತಿ ಹರಿದ ಸದ್ದು ಕೇಳಿಬಂದು ಅಡಗುತ್ತದೆ. ಜೀತಗಾರರ ವಂಶದಲ್ಲಿ ಹುಟ್ಟಿ ವರ್ತಕನಾಗಿರುವ ಲೊಪಾಖಿನ್, ಎಲ್ಲಿಯೋ ಗಣಿಯಲ್ಲಿ ತೊಟ್ಟಿ ಕಳಚಿ ಬಿದ್ದಿರಬೇಕೆನ್ನುತ್ತಾನೆ. ಜಮೀನುದಾರ ಗಾಯೆವನಿಗೆ ಅದು ಕೊಕ್ಕರೆಯಂಥ ಹಕ್ಕಿಯ ಕೂಗು. ವಿದ್ಯಾರ್ಥಿ ತ್ರೊಫಿಮೊವನಿಗೆ ಗೂಬೆಯ ಕೂಗು. ಒಡತಿ ರನೆವ್‌ಸ್ಕಾಯಾ ನಡುಗುತ್ತಾಳೆ. ಮುದಿ ಸೇವಕ ಫಿರ್ಸನಿಗೆ ಮಾತ್ರ ಹಿಂದಿನ ಅನಾಹುತವೊಂದು ನೆನಪಾಗುತ್ತದೆ. ಅದಕ್ಕೆ ಮುಂಚೆಯೂ ಗೂಬೆ ಕೂಗಿತ್ತಂತೆ. ಯಾವ ಅನಾಹುತವೆಂದು ಕೇಳಿದರೆ, ಬಿಡುಗಡೆ ಎಂಬ ಉತ್ತರ ಬರುತ್ತದೆ. ರಷ್ಯದ ಜೀತಗಾರರನ್ನು ಬಿಡುಗಡೆ ಮಾಡಿದ 1861ರ ಶಾಸನವೇ ಆ ಮುದುಕನ ಪಾಲಿನ ಅನಾಹುತ!

ಚರಿತ್ರೆಯ ವಿದ್ಯಾರ್ಥಿಗೆ ಈ ಸನ್ನಿವೇಶ ಪರಿಚಿತವಾದದ್ದು. ಘಟನೆ ಒಂದು, ಸಾಕ್ಷಿಗಳು ಅನೇಕ. ಪ್ರತಿಯೊಬ್ಬನೂ ತನ್ನ ಬಾಳು ಕಲಿಸಿದ ಹೆಸರನ್ನೇ ಅದಕ್ಕೆ ಇಡುತ್ತಾನೆ. ಆದುದರಿಂದ ಆ ಸದ್ದು ಇಂಥದ್ದೇ ಎಂದು ಪ್ರೇಕ್ಷಕನಿಗೆ ನಿಶ್ಚಯವಾಗಬಾರದು. ಗಣಿಯ ತೊಟ್ಟಿಯ ಸದ್ದೆಂದು ಸ್ಪಷ್ಟವಾದೊಡನೆ ಲೊಪಾಖಿನನದು ಸರಿ, ಉಳಿದವರದು ತಪ್ಪು ಎಂದಾಗುತ್ತದೆ. ನಾಟಕಕಾರನು ಕಟ್ಟಿದ ನಾಲ್ಕಾರು ಲೋಕಗಳು ಒಂದು ಒಗಟಿನ ಉತ್ತರವಾಗಿ ಕುಗ್ಗುತ್ತವೆ.

ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಗೂ ಚೆಕಾಫನಿಗೂ ಉಂಟಾದ ಭಿನ್ನಾಭಿಪ್ರಾಯವನ್ನು ಈ ದೃಷ್ಟಿಯಿಂದ ನೋಡಬೇಕು. ಈ ಅಂಕದಲ್ಲಿ ರೈಲುಗಾಡಿ ಹಾಯಬೇಕು, ಕಪ್ಪೆಗಳೂ ಹುಲ್ಲುಗಾವಲಿನ ಹಕ್ಕಿಗಳೂ ಕೂಗಬೇಕು ಎಂಬುದು ನಿರ್ದೇಶಕನ ಅಪೇಕ್ಷೆ. ಆತನನ್ನು ತಡೆಯಬೇಕೆಂದು 1903ರ ನವೆಂಬರಿನಲ್ಲಿ ಚೆಕಾಫನು ಪತ್ನಿ ಓಲ್ಗಾ ನಿಪ್ಪರ್‌ಗೆ ಬರೆದನು. ಸ್ತಾನಿಸ್ಲಾವ್‌ಸ್ಕಿಯ ಪಕ್ಷದಲ್ಲಿಯೂ ನ್ಯಾಯವುಂಟು: ಬಣ್ಣದ ಪರದೆಯ ಮುಂದೆ ಜೀವಂತ ಪರಿಸರವನ್ನು ನಿರ್ಮಿಸುವುದರಲ್ಲಿ ಆತನ ಶಬ್ದಗಳು ಸಮರ್ಥವಾಗಿದ್ದುವು. ಆದರೆ ಕಪ್ಪೆಗಳು ವಟಗುಟ್ಟುತ್ತಿರುವ ಬಯಲಿನಲ್ಲಿ ಅಪರಿಚಿತವಾದ ಸದ್ದೂ ಮತ್ತೊಂದು ಜಂತುವಿನದಾಗಿ ಬಿಡುತ್ತದೆ. ಮೌನವಿಲ್ಲದೆಡೆ ಅದಕ್ಕೆ ನೆಲೆಯಿಲ್ಲ. ಮೊದಲ ಪ್ರಯೋಗವಾದ ಮೇಲೆ, 1904ರ ಮಾರ್ಚಿಯಲ್ಲಿ, ಆ ಸದ್ದು ಇನ್ನೂ ಬಹಳ ಚಿಕ್ಕದಾಗಿರಬೇಕು, ಬಹು ದೂರದಿಂದ ಬಂದಂತೆ ಭಾಸವಾಗಬೇಕು ಎಂದು ಚೆಕಾಫನು ಮತ್ತೆ ಸೂಚಿಸಬೇಕಾಯಿತು.

ಚಿಕ್ಕದಾಗಿರಬೇಕು, ದೂರವಾಗಿರಬೇಕು: ಈ ಎರಡು ಬೇಡಿಕೆಗಳಲ್ಲಿಯೇ ಶಬ್ದಯೋಜಕನ ಕಸುಬು ಅಡಗಿದೆ. ಕ್ಷಣದಲ್ಲಿ ಮುಗಿದ ಸದ್ದನ್ನು ಕಿವಿ ಗುರುತಿಸುವ ಮೊದಲೇ ಮನಸ್ಸು ಊಹೆಗೆ ತೊಡಗುತ್ತದೆ. ದೂರವೆಂಬುದಾದರೋ ಕೇವಲ ಮೆಲುದನಿಯಲ್ಲ. ಗಾಳಿಯಲ್ಲಿ ಬಹುದೂರ ಸಾಗಿದ ಶಬ್ದದಲ್ಲಿ ಮೇಲಿನ ಕಂಪನಗಳು ಹೆಚ್ಚಾಗಿ ಕ್ಷೀಣಿಸಿರುತ್ತವೆ. ಇದನ್ನು ಅನುಕರಿಸದೆ ಬರಿಯ ಬಲವನ್ನು ತಗ್ಗಿಸಿದರೆ ಹತ್ತಿರದ ಸಣ್ಣ ಸದ್ದು ದೊರೆಯುತ್ತದೆಯೇ ಹೊರತು ದೂರದ ದೊಡ್ಡ ಸದ್ದಲ್ಲ. ಧ್ವನಿವರ್ಧಕದ ಸ್ಥಾನವೂ ಮುಖ್ಯ. ಒಂದೇ ಶಬ್ದ ಎರಡು ಕಡೆಗಳಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ, ಮೊದಲು ಮುಟ್ಟಿದ ದಿಕ್ಕನ್ನೇ ಕಿವಿ ನಂಬುತ್ತದೆಂದು ಹೆಲ್ಮುಟ್ ಹಾಸ್ 1951ರಲ್ಲಿ ಪ್ರಕಟವಾದ ತನ್ನ ಸಂಶೋಧನೆಯಲ್ಲಿ ವಿವರಿಸಿದನು. ಪಕ್ಕದ ಪರದೆಯ ಹಿಂದಿನ ಧ್ವನಿವರ್ಧಕ ಮೊದಲು ನುಡಿದರೆ ಆಕಾಶದ ಭ್ರಮೆ ಅಲ್ಲಿಗೆ ಮುಗಿಯಿತು.

ನಾಟಕದ ಕೊನೆಯಲ್ಲಿ ಅದೇ ಸದ್ದು ಮರಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಫಿರ್ಸನು ನಿಶ್ಚಲನಾಗಿ ಮಲಗಿದ್ದಾನೆ. ಸದ್ದಿಗೆ ಹೆಸರಿಡಲು ಈಗ ರಂಗದ ಮೇಲೆ ಯಾರೂ ಇಲ್ಲ. ಆ ಭಾರ ಪ್ರೇಕ್ಷಕನದು. ಅನಂತರ ಮೌನ, ಆಮೇಲೆ ತೋಟದಲ್ಲಿ ಮರಕ್ಕೆ ಬೀಳುವ ಕೊಡಲಿಯ ಪೆಟ್ಟು. ಇದರಲ್ಲಿ ಸಂದೇಹಕ್ಕೆ ಎಡೆಯಿರಕೂಡದು: ತೋಟವನ್ನು ಕೊಂಡವನು ಲೊಪಾಖಿನ್, ಕಡಿಸುತ್ತಿರುವವನೂ ಅವನೇ. ಒಂದು ಸದ್ದು ಗುರುತಿಗೆ ಸಿಗಬಾರದು, ಇನ್ನೊಂದು ಕೇಳಿದೊಡನೆ ಗುರುತಾಗಬೇಕು. ಈ ತಾರತಮ್ಯವನ್ನು ಯಾವ ಯಂತ್ರವೂ ತಾನಾಗಿ ಅರಿಯದು.

ನಮ್ಮ ಆಲಂಕಾರಿಕರು ವಾಚ್ಯಾರ್ಥವನ್ನು ಮೀರಿ ಹೊಳೆಯುವ ಅರ್ಥವನ್ನು ಧ್ವನಿಯೆಂದು ಕರೆದರು. ಗಣಕಯಂತ್ರದಲ್ಲಿ ಮಳೆ, ಗುಡುಗು, ಹಕ್ಕಿಗಳ ಸಾವಿರಾರು ಮುದ್ರಿಕೆಗಳು ಬೆರಳತುದಿಗೆ ದೊರೆಯುತ್ತಿರುವ ಇಂದು ರಂಗದಲ್ಲಿ ಶಬ್ದಕ್ಕೆ ಬರವಿಲ್ಲ. ಕಾಲೇಜಿನ ರಂಗಪ್ರಯೋಗಗಳಲ್ಲಿಯೂ ಅದು ಧಾರಾಳವಾಗಿಯೇ ಇರುತ್ತದೆ. ನಾಟಕವನ್ನು ಆಡಿಸುವವರು ಪ್ರತಿಯೊಂದು ಸದ್ದಿನ ಮುಂದೆಯೂ ಇದನ್ನು ಕೇಳುವವರು ಯಾರು, ಕೇಳಿ ಏನೆಂದು ತಿಳಿಯುತ್ತಾರೆ ಎಂದು ಪ್ರಶ್ನಿಸಿಕೊಂಡರೆ, ಅನೇಕ ಸದ್ದುಗಳು ತಾವಾಗಿ ಬಿಟ್ಟುಹೋಗುತ್ತವೆ. ಉಳಿದವುಗಳನ್ನು ನಾಟಕದ ಪಾಠದ ಅಂಗವಾಗಿಯೇ ವಿಮರ್ಶಕನು ಓದಬೇಕಾಗುತ್ತದೆ.