ನೀಹಾರಿಕೆಯ ಬಣ್ಣ ಯಾರು ಬಳಿದದ್ದು?

ಖಗೋಳದ ಪುಸ್ತಕ ತೆರೆದರೆ ಒಂದು ಚಿತ್ರ ಎದುರಾಗದೇ ಇರದು. ಹಸಿರು-ನೀಲಿ ಹಿನ್ನೆಲೆ, ನಡುವೆ ಆನೆ ಸೊಂಡಿಲಿನಂತೆ ಎದ್ದುನಿಂತ ಮೂರು ಕಂದು ಕಂಬಗಳು. ಗರುಡ ನೀಹಾರಿಕೆಯ ಈ ಚಿತ್ರವನ್ನು 1995ರಲ್ಲಿ ಹಬಲ್ ದೂರದರ್ಶಕದಿಂದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವನ್ ತೆಗೆದರು. ಚಿತ್ರ ಚಲೋ ಅದ, ಎರಡು ಮಾತಿಲ್ಲ. ನನ್ನ ತಕರಾರು ಅದರ ಕೆಳಗಿನ ಬರಹದ ಬಗ್ಗೆ. ‘ಆಕಾಶದ ಅದ್ಭುತ ಬಣ್ಣಗಳು’ ಅಂತ ಬರೆದುಬಿಟ್ಟರೆ ನಮ್ಮ ಮಕ್ಕಳು ಏನಂತ ತಿಳಿಯಬೇಕು?

ಅಲ್ಲಿ ಬಳಸಿದ್ದು ಕಿರುಪಟ್ಟಿಯ ಫಿಲ್ಟರುಗಳು. ಅಂದರೆ ಬೆಳಕಿನ ಒಂದೇ ಎಳೆಯನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯುವ ಗಾಜು. ಜಲಜನಕದ ಎಳೆ 656 ನ್ಯಾನೋಮೀಟರ್, ಗಂಧಕದ್ದು 672, ಆಮ್ಲಜನಕದ್ದು 501. ಮೊದಲೆರಡೂ ಕೆಂಪೇ, ಇದ್ದಂಗೇ ಬಿಟ್ಟರೆ ಕಣ್ಣಿಗೆ ಬೇರೆ ಬೇರೆ ಕಾಣೋದಿಲ್ಲ. ಅದಕ್ಕೆ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟರು. ಯಾವ ಅನಿಲ ಎಲ್ಲಿದೆ ಅನ್ನುವುದು ಅದರಿಂದಲೇ ತಿಳಿಯುತ್ತದೆ. ಇದು ಸುಳ್ಳಲ್ಲ. ನಕಾಶೆಯಲ್ಲಿ ಸೋಲಾಪುರ ಜಿಲ್ಲೆಗೆ ಗುಲಾಬಿ ಬಣ್ಣ ಬಳಿದರೆ ನಮ್ಮ ಎರೆಹೊಲ ಗುಲಾಬಿ ಅಂತ ಯಾರೂ ನಂಬೋದಿಲ್ಲ. ಆದರೆ ನಕಾಶೆಯ ಮೂಲೆಗೆ ಬಣ್ಣದ ಸೂಚಿ ಇರ್ತದ. ಈ ಚಿತ್ರಕ್ಕೆ ಬಹಳ ಕಡೆ ಅದನ್ನೇ ಕತ್ತರಿಸಿರುತ್ತಾರೆ.

ಈಗ ಹವ್ಯಾಸಿಗಳ ಕಡೆ ಬರೋಣ. ಎಂಬತ್ತು ಮಿಲಿಮೀಟರಿನ ಸಣ್ಣ ದೂರದರ್ಶಕ, ಅದಕ್ಕೊಂದು ಜಲಜನಕದ ಫಿಲ್ಟರ್, ಐದೈದು ನಿಮಿಷದ ಹತ್ತಾರು ಚಿತ್ರಗಳು ಒಂದರ ಮೇಲೊಂದು. ಬೀದಿದೀಪ, ಬೆಳದಿಂಗಳ ನಡುವೆಯೂ ನೀಹಾರಿಕೆ ಮೂಡಿಬರುತ್ತದೆ. ಈ ಕಪ್ಪು-ಬಿಳಿ ಚಿತ್ರಗಳೇ ನನಗೆ ಹೆಚ್ಚು ಹಿಡಿಸುತ್ತವೆ, ನೋಡ್ರಿ. ಮೋಡದ ಅಂಚು, ಧೂಳಿನ ಮಡಿಕೆ, ಎಲ್ಲಾ ಸ್ಪಷ್ಟ.

ಮೂರೂ ಫಿಲ್ಟರ್ ಹಾಕಿದಾಗ ತೊಂದರೆ ಶುರು. ಜಲಜನಕವೇ ಪ್ರಬಲವಾದ್ದರಿಂದ ಇಡೀ ಚಿತ್ರ ಪಾಚಿ ಹಸಿರಾಗ್ತದ. ಹಸಿರು ಚೆಂದ ಕಾಣಲ್ಲ ಅಂತ ಗಂಧಕ, ಆಮ್ಲಜನಕವನ್ನು ಹಿಗ್ಗಿಸಿ, ಹಸಿರನ್ನು ಕಂಪ್ಯೂಟರಿನಲ್ಲಿ ಅಳಿಸಿ, ಬಂಗಾರ-ನೀಲಿ ಮಾಡ್ತಾರೆ. ಜಲಜನಕ ಇಲ್ಲದೆ ಎಂಥಾ ನೀಹಾರಿಕೆ ಮಾರಾಯ್ರೆ? ಹಬಲ್ಲಿನ ಚಿತ್ರ ಮಾಹಿತಿಗಾಗಿ ಬಣ್ಣ ಬದಲಿಸಿತು. ಇಲ್ಲಿ ಬಣ್ಣಕ್ಕಾಗಿ ಮಾಹಿತಿಯೇ ಹೋಯಿತು. ಅಲಂಕಾರ ಬ್ಯಾಡ ಅನ್ನೋದಿಲ್ಲ, ಮಾಡಿದ್ದನ್ನು ಹೇಳಲಿ. 1995ರ ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕಪ್ಪಾಗಿ ಉಳಿದಿದೆ. ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಚಿಕ್ಕ ಜಾಗವನ್ನಷ್ಟೇ ನೋಡುತ್ತಿತ್ತು. ಆ ಖಾಲಿ ಮೂಲೆಯನ್ನು ತುಂಬದೆ ಹಾಗೇ ಅಚ್ಚು ಹಾಕಿದರಲ್ಲ, ಅದು ನನಗೆ ಹಿಡಿಸಿತು.

ಮಾಸ್ತರರು ಚಳಿಗಾಲದಲ್ಲಿ ಮಕ್ಕಳಿಗೆ ಮಹಾವ್ಯಾಧನ ನಡುಪಟ್ಟಿಯ ಕೆಳಗಿನ ನೀಹಾರಿಕೆ ತೋರಿಸಿದರೆ ದುರ್ಬೀನಿನಲ್ಲಿ ಕಾಣುವುದು ಬೂದಿಬಣ್ಣದ ಮಸುಕು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯೋದಿಲ್ಲ. ಪುಸ್ತಕದ ಬಣ್ಣ ಎಲ್ಲಿಂದ ಬಂತು ಅಂತ ಮೊದಲೇ ಹೇಳಿಟ್ಟರೆ, ಸುಮಾರು 1300 ಜ್ಯೋತಿರ್ವರ್ಷ ದೂರದಿಂದ ಬಂದ ಆ ಬೂದಿಯನ್ನು ಹುಡುಗರು ಇನ್ನೂ ಸ್ವಲ್ಪ ಹೊತ್ತು ನೋಡ್ತಾರೆ.